ಉಪವಾಸ ಕ್ಯಾನ್ಸರ್ ಕಣಕ್ಕೆ, ಮಗುವಿಗಲ್ಲ

ಹೋದ ಸಂಚಿಕೆಯಲ್ಲಿ ರಕ್ತ ಕ್ಯಾನ್ಸರ್ ಬಗ್ಗೆ ಬರೆಯುವಾಗ ಆಸ್ಪರಾಜಿನೇಸ್ ಅನ್ನುವ ಇಂಜೆಕ್ಷನ್ ಹೆಸರು ಒಂದೇ ಸಾಲಿನಲ್ಲಿ ಬಂದುಹೋಗಿತ್ತು. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಆರು ವರ್ಷ. ಎಎಲ್‌ಎಲ್ ಅನ್ನುವ ರಕ್ತ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿದೆ. ಒಂದು ಇಂಜೆಕ್ಷನ್ ಕ್ಯಾನ್ಸರ್ ಕಣಗಳನ್ನು ಉಪವಾಸ ಕೆಡವಿ ಸಾಯಿಸುತ್ತೆ, ಪ್ರೋಟೀನಿನ ಒಂದು ಅಂಶ ಸಿಗದ ಹಾಗೆ ಮಾಡುತ್ತೆ ಅಂತ ಡಾಕ್ಟರ್ ಹೇಳಿದರು. ಇದನ್ನು ಕೇಳಿದ ನನ್ನ ಓರಗಿತ್ತಿ, ಹಾಗಿದ್ರೆ ಬೇಳೆ, ಮೊಟ್ಟೆ, ಹಾಲು, ಆಲೂಗಡ್ಡೆ ಎಲ್ಲ ನಿಲ್ಲಿಸು, ಔಷಧಿಗೂ ಸಹಾಯ ಆಗುತ್ತೆ ಅಂದಳು. ಒಂದು ವಾರದಿಂದ ಬರೀ ಗಂಜಿ ಕೊಡುತ್ತಿದ್ದೇನೆ. ಮಗು ಹಸಿವು ಅಂತ ಅಳುತ್ತಾನೆ. ನಾನು ಮಾಡ್ತಿರೋದು ಸರೀನಾ? (ಹಾಸನ)

ಉತ್ತರ: ಸರಿಯಲ್ಲ. ಇವತ್ತೇ ನಿಲ್ಲಿಸಿ. ಬೇಳೆ ಸಾರಲ್ಲಿ ಅನ್ನ ಕಲಸಿ ಕೊಡಿ, ಪೂರ್ತಿ ಬೆಂದ ಮೊಟ್ಟೆ ಕೊಡಿ, ಆಮೇಲೆ ಮುಂದೆ ಓದಿ.

ನಿಮ್ಮ ಓರಗಿತ್ತಿ ಯೋಚಿಸಿದ ದಾರಿ ದಡ್ಡತನದ್ದೇನಲ್ಲ. ಕೇಳಿದ ಯಾರಿಗಾದರೂ ಹಾಗೇ ಅನಿಸುತ್ತೆ. ಎಲ್ಲಿ ತಪ್ಪುತ್ತೆ ಅಂದರೆ, ಆಸ್ಪರಾಜಿನ್ ಅನ್ನುವ ಈ ಅಮೈನೋ ಆಮ್ಲ ಊಟದಿಂದ ಮಾತ್ರ ಬರುವ ವಸ್ತು ಅಂತ ಅಂದುಕೊಳ್ಳುವಲ್ಲಿ. ಅದನ್ನು ನಮ್ಮ ದೇಹವೇ ತಯಾರಿಸುತ್ತೆ. ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಅದಕ್ಕೆ ಬೇಕಾದ ಕಿಣ್ವ ಇದೆ, ಆಸ್ಪರಾಜಿನ್ ಸಿಂಥೆಟೇಸ್ ಅಂತ. ಮಿಕ್ಕಿದ್ದು ರಕ್ತದಲ್ಲಿ ತೇಲುತ್ತಾ ಇರುತ್ತೆ. ನಿಮ್ಮ ಮಗನಿಗೆ ಬಂದಿರುವ ಕಾಯಿಲೆಯಲ್ಲಿ ಹುಚ್ಚಾಪಟ್ಟೆ ಬೆಳೆಯುವ ಬಿಳಿ ರಕ್ತಕಣಗಳಿಗೆ ಈ ತಯಾರಿಸುವ ಶಕ್ತಿ ತೀರಾ ಕಡಿಮೆ. ಮನೆಯಲ್ಲಿ ಒಲೆಯೇ ಇಲ್ಲದೆ ಮೆಸ್ ಊಟ ನಂಬಿಕೊಂಡವರ ಹಾಗೆ ಅವು ರಕ್ತದಲ್ಲಿ ಸಿಗುವ ಆಸ್ಪರಾಜಿನನ್ನೇ ನಂಬಿಕೊಂಡು ಬದುಕುತ್ತವೆ. ಡಾಕ್ಟರ್ ಹೇಳಿದ ಇಂಜೆಕ್ಷನ್, ಅಂದರೆ ಆಸ್ಪರಾಜಿನೇಸ್ ಅನ್ನುವ ಕಿಣ್ವ, ಆ ಮೆಸ್ಸನ್ನು ಮುಚ್ಚಿಸುತ್ತೆ. ರಕ್ತದಲ್ಲಿರುವ ಆಸ್ಪರಾಜಿನನ್ನು ಆಸ್ಪಾರ್ಟಿಕ್ ಆಮ್ಲ ಮತ್ತು ಅಮೋನಿಯಾ ಆಗಿ ಒಡೆದು ಹಾಕುತ್ತೆ. ಕ್ಯಾನ್ಸರ್ ಕಣಕ್ಕೆ ಪ್ರೋಟೀನ್ ಕಟ್ಟಲು ಆಗಲ್ಲ, ಸಾಯುತ್ತೆ. ಉಳಿದ ಕಣಗಳು ತಮ್ಮದನ್ನು ತಾವು ಮಾಡಿಕೊಂಡು ಹೇಗೋ ನಿಭಾಯಿಸುತ್ತವೆ. ಈ ಔಷಧಿ ಒಂದನ್ನೇ ಕೊಟ್ಟರೆ ಕೂದಲು ಉದುರುವುದಿಲ್ಲ, ಮೂಳೆಯೊಳಗಿನ ಮಜ್ಜೆಯ ಮೇಲೂ ಏಟು ಕಡಿಮೆ. ಕೂದಲು ಉದುರುವುದು, ರಕ್ತಕಣಗಳ ಕೌಂಟ್ಸ್ ಬೀಳುವುದು ಹೆಚ್ಚಾಗಿ ಜೊತೆಗೆ ಕೊಡುವ ಬೇರೆ ಕೀಮೋಗಳಿಂದ.

ಈಗ ಊಟಕ್ಕೆ ಬರೋಣ. ನೀವು ಬೇಳೆ ನಿಲ್ಲಿಸಿದರೂ ಮಗನ ದೇಹ ಆಸ್ಪರಾಜಿನ್ ಮಾಡುತ್ತಲೇ ಇರುತ್ತೆ. ರಕ್ತದಲ್ಲಿ ಅದು ಲೀಟರಿಗೆ ಸುಮಾರು 50 ಮೈಕ್ರೋಮೋಲ್ ಇರುವುದು ಸಾಮಾನ್ಯ. ಇಂಜೆಕ್ಷನ್ನಿನ ಕಿಣ್ವ ಅದನ್ನು ಪರೀಕ್ಷೆಯಲ್ಲಿ ಕಾಣದಷ್ಟು ಕೆಳಗೆ ತರುತ್ತೆ. ಪಥ್ಯದಿಂದ ಅಲ್ಲಿಗೆ ಇಳಿಸಲು ಸಾಧ್ಯವೇ ಇಲ್ಲ. ಇನ್ನು ಇಂಜೆಕ್ಷನ್ ರಕ್ತದಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದರೆ, ಮಗು ತಿಂದ ಮೊಟ್ಟೆಯಿಂದ ಬಂದ ಆಸ್ಪರಾಜಿನನ್ನೂ ಅದು ಒಡೆದುಹಾಕುತ್ತೆ. ಅಂದರೆ ಪಥ್ಯದಿಂದ ಔಷಧಿಗೆ ಬರುವ ಲಾಭ ಏನೂ ಇಲ್ಲ. ನಷ್ಟ ಮಾತ್ರ ಇದೆ, ಅದೂ ಸಣ್ಣದಲ್ಲ. ಈ ಔಷಧಿ ನಡೆಯುವಾಗ ಲಿವರ್ ಪ್ರೋಟೀನ್ ತಯಾರಿಸುವುದೇ ತಗ್ಗಿರುತ್ತೆ, ಆಲ್ಬುಮಿನ್ ಕೆಳಗೆ ಬಂದಿರುತ್ತೆ. ಅದರ ಮೇಲೆ ನೀವು ತಟ್ಟೆಯಿಂದಲೂ ಪ್ರೋಟೀನ್ ತೆಗೆದರೆ ಮಗು ಸೊರಗುತ್ತೆ, ಸೋಂಕು ತಡೆಯುವ ತ್ರಾಣ ಇರಲ್ಲ, ಮುಂದಿನ ಡೋಸ್ ಮುಂದೂಡಬೇಕಾಗಿ ಬರಬಹುದು.

2018ರಲ್ಲಿ ಒಂದು ಗಲಾಟೆ ಆಗಿತ್ತು, ಬಹುಶಃ ಅದರ ಬಾಲವೇ ನಿಮ್ಮ ಮನೆವರೆಗೂ ಬಂದಿದೆ. ಕೇಂಬ್ರಿಡ್ಜ್‌ನ ಸಂಶೋಧಕರಿದ್ದ ತಂಡವೊಂದು ಇಲಿಗಳಲ್ಲಿ ಸ್ತನ ಕ್ಯಾನ್ಸರ್ ಹರಡುವುದಕ್ಕೂ ಆಸ್ಪರಾಜಿನ್‌ಗೂ ನಂಟಿದೆ, ಆಹಾರದಲ್ಲಿ ಅದನ್ನು ತಗ್ಗಿಸಿದರೆ ಹರಡುವುದು ಕಡಿಮೆಯಾಯಿತು ಅಂತ ಬರೆಯಿತು. ಇಲಿ, ಸ್ತನ ಕ್ಯಾನ್ಸರ್, ಲ್ಯಾಬಿನಲ್ಲಿ ಅಳೆದು ಹಾಕಿದ ಮೇವು. ಪತ್ರಿಕೆಗಳ ತಲೆಬರಹದಲ್ಲಿ ಇದಿಷ್ಟೂ ಹಾರಿಹೋಗಿ 'ಇದನ್ನು ತಿಂದರೆ ಕ್ಯಾನ್ಸರ್ ಹರಡುತ್ತದೆ' ಅಂತ ಉಳಿಯಿತು. ರಕ್ತ ಕ್ಯಾನ್ಸರಿನ ಮಗುವಿನ ಊಟಕ್ಕೆ ಅದರಿಂದ ಏನೂ ಹೇಳಲು ಬರುವುದಿಲ್ಲ.

ಇನ್ನೊಂದು ಮಾತು. ಇದೇ ದಿನಗಳಲ್ಲಿ ಸ್ಟೀರಾಯ್ಡ್ ಕೂಡ ಕೊಡುತ್ತಿರುತ್ತಾರೆ. ಆ ವಾರಗಳಲ್ಲಿ ಮಕ್ಕಳ ಹಸಿವು ಹೇಗಿರುತ್ತೆ ಅಂದರೆ, ವಾರ್ಡಿನಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಕೂತು ಉಪ್ಪಿಟ್ಟೇ ಬೇಕು, ಅದರಲ್ಲಿ ಈರುಳ್ಳಿ ಬೇಡ, ಕಡ್ಲೇಬೇಳೆ ಜಾಸ್ತಿ ಇರಬೇಕು ಅಂತ ಹಟ ಹಿಡಿಯುವ ಮಕ್ಕಳಿದ್ದಾರೆ, ಪಕ್ಕದ ಮಂಚದ ಅಮ್ಮ ಡಬ್ಬಿ ತೆಗೆದು ಕೊಡುತ್ತಾರೆ. ನಿಮ್ಮ ಮಗ ಅಳುವುದು ಹಟಕ್ಕಲ್ಲ, ನಿಜವಾದ ಹಸಿವಿಗೆ. ಬಿಸಿಯಾಗಿ ಬೇಯಿಸಿದ್ದು ಕೊಡಿ. ಕಾಯಿಸಿ ಆರಿಸಿದ ನೀರು ಕೊಡಿ. ಹೊರಗಿನ ಚಟ್ನಿ, ಕತ್ತರಿಸಿಟ್ಟ ಹಣ್ಣು ಬೇಡ. ಸಕ್ಕರೆ ಅಥವಾ ಎಣ್ಣೆ ಕಡಿಮೆ ಮಾಡಿ ಅಂತ ಆಸ್ಪತ್ರೆಯವರೇ ಹೇಳಿದ್ದರೆ ಅದನ್ನು ಮಾತ್ರ ಪಾಲಿಸಿ. ಈ ಎರಡು ಔಷಧಿ ಜೊತೆಯಾದಾಗ ಶುಗರ್, ಟ್ರೈಗ್ಲಿಸರೈಡ್ ಏರುವುದುಂಟು, ಅದಕ್ಕೆ ಹಾಗೆ ಹೇಳುತ್ತಾರೆ. ಮತ್ತೆ ಒಂದು ವಾರ ಗಂಜಿ ಕೊಟ್ಟ ವಿಷಯ ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಹೇಳಿಬಿಡಿ, ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಪ್ರಶ್ನೆ: ನಾನು ಪಿಯುಸಿ ಓದುತ್ತಿದ್ದೇನೆ. ಕ್ಯಾನ್ಸರ್ ಕಣಕ್ಕೆ ಒಂದು ಅಮೈನೋ ಆಮ್ಲ ಮಾಡಿಕೊಳ್ಳಲು ಬರಲ್ಲ ಅನ್ನುವುದು ಯಾರಿಗೆ, ಹೇಗೆ ಹೊಳೆಯಿತು? (ಧಾರವಾಡ)

ಉತ್ತರ: ಯಾರಿಗೂ ಹೊಳೆಯಲಿಲ್ಲ, ಗಿನಿಪಿಗ್ ತೋರಿಸಿಕೊಟ್ಟಿತು. ನನಗೆ ತುಂಬಾ ಇಷ್ಟದ ಕಥೆ ಇದು, ಸ್ವಲ್ಪ ಉದ್ದ ಆದರೂ ಹೇಳುತ್ತೇನೆ.

ನ್ಯೂಯಾರ್ಕ್‌ನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಿಡ್ ಅಂತ ಒಬ್ಬರಿದ್ದರು. ಇಲಿಗಳಿಗೆ ಲಿಂಫೋಮಾ ಗೆಡ್ಡೆ ಕಸಿ ಮಾಡಿ, ಅದರ ವಿರುದ್ಧ ಮೊಲದಲ್ಲಿ ತಯಾರಾದ ಪ್ರತಿಕಾಯಗಳು ಕೆಲಸ ಮಾಡುತ್ತವಾ ಅಂತ ನೋಡುತ್ತಿದ್ದರು. ಪ್ರತಿಕಾಯಕ್ಕೆ ಜೊತೆಗಾರನಾಗಿ ಗಿನಿಪಿಗ್‌ನ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಸೇರಿಸುವುದು ಆಗಿನ ರೂಢಿ. ಗೆಡ್ಡೆ ಕರಗಿತು. ಆದರೆ ಮೊಲದ ಪ್ರತಿಕಾಯ ಇಲ್ಲದೆ ಬರೀ ಗಿನಿಪಿಗ್ ಸೀರಮ್ ಕೊಟ್ಟ ಇಲಿಗಳಲ್ಲೂ ಕರಗಿತು! ಕುದುರೆ ಸೀರಮ್, ಮೊಲದ ಸೀರಮ್ ಕೊಟ್ಟರೆ ಏನೂ ಆಗಲಿಲ್ಲ. ಕಿಡ್ ಇದನ್ನು 1953ರಲ್ಲಿ ಪ್ರಕಟಿಸಿದರು. ಸೀರಮ್‌ನಲ್ಲಿ ಏನಿದೆ ಅನ್ನುವುದು ಮಾತ್ರ ಗೊತ್ತಾಗಲಿಲ್ಲ.

ಉತ್ತರ ಆಗಲೇ ಲೈಬ್ರರಿಯಲ್ಲಿ ಧೂಳು ತಿನ್ನುತ್ತಿತ್ತು. 1922ರಲ್ಲೇ ಕ್ಲೆಮೆಂಟಿ ಅನ್ನುವವರು ಗಿನಿಪಿಗ್ ರಕ್ತದಲ್ಲಿ ಆಸ್ಪರಾಜಿನ್ ಒಡೆಯುವ ಕಿಣ್ವ ಇದೆ, ಬೇರೆ ಎಷ್ಟೋ ಪ್ರಾಣಿಗಳ ರಕ್ತದಲ್ಲಿ ಇಲ್ಲ ಅಂತ ಬರೆದಿಟ್ಟಿದ್ದರು. 1950ರ ದಶಕದಲ್ಲಿ ಇನ್ಯಾರೋ ಕೆಲವು ಗೆಡ್ಡೆಯ ಕಣಗಳು ಗಾಜಿನ ತಟ್ಟೆಯಲ್ಲಿ ಆಸ್ಪರಾಜಿನ್ ಇಲ್ಲದೆ ಬೆಳೆಯುವುದಿಲ್ಲ ಅಂತ ಕಂಡಿದ್ದರು. ಈ ಬಿಡಿ ಬಿಡಿ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಜಾನ್ ಬ್ರೂಮ್. 1961ರಲ್ಲಿ ಅವರು, ಗೆಡ್ಡೆ ಕರಗಿಸುತ್ತಿರುವುದು ಆಸ್ಪರಾಜಿನೇಸೇ ಅಂತ ತೋರಿಸಿದರು.

ಆದರೆ ಗಿನಿಪಿಗ್ ಎಷ್ಟು ದೊಡ್ಡದಿರುತ್ತೆ? ಒಬ್ಬ ರೋಗಿಗೆ ಬೇಕಾಗುವಷ್ಟು ಕಿಣ್ವ ತೆಗೆಯಬೇಕಾದರೆ ಎಷ್ಟು ಪ್ರಾಣಿ ಬೇಕು? 1964ರಲ್ಲಿ ಮ್ಯಾಷ್‌ಬರ್ನ್ ಮತ್ತು ರಿಸ್ಟನ್ ಅನ್ನುವ ಇಬ್ಬರು ನಮ್ಮ ಕರುಳಿನಲ್ಲೂ ಇರುವ ಇ. ಕೊಲೈ ಬ್ಯಾಕ್ಟೀರಿಯಾದಿಂದ ತೆಗೆದ ಆಸ್ಪರಾಜಿನೇಸ್ ಕೂಡ ಅದೇ ಕೆಲಸ ಮಾಡುತ್ತೆ ಅಂತ ಕಂಡುಕೊಂಡರು. ಬ್ಯಾಕ್ಟೀರಿಯಾ ಆದರೆ ಡ್ರಮ್ಮುಗಟ್ಟಲೆ ಬೆಳೆಸಬಹುದು. ಅಮೆರಿಕದಲ್ಲಿ 1978ರಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ 1984ರಲ್ಲಿ ಮುಂಬೈ, ಚೆನ್ನೈ, ದೆಹಲಿಯ ದೊಡ್ಡ ಕ್ಯಾನ್ಸರ್ ಕೇಂದ್ರಗಳು ಒಟ್ಟಾಗಿ ಎಂಸಿಪಿ-841 ಅನ್ನುವ ಚಿಕಿತ್ಸಾ ಕ್ರಮ ಶುರುಮಾಡಿದಾಗ ಅದರಲ್ಲೂ ಈ ಔಷಧಿ ಇತ್ತು. ಈಗ ಶ್ರೀಮಂತ ದೇಶಗಳಲ್ಲಿ ಎಎಲ್‌ಎಲ್ ಬಂದ 100 ಮಕ್ಕಳಲ್ಲಿ ಸುಮಾರು 90 ಮಕ್ಕಳು ಉಳಿಯುತ್ತಾರೆ. ಅದು ಈ ಒಂದೇ ಔಷಧಿಯ ಕೆಲಸ ಅಲ್ಲ, ಆದರೆ ಇದನ್ನು ಬಿಟ್ಟು ಆ ಲೆಕ್ಕ ಬರುವುದಿಲ್ಲ.

ಪ್ರಶ್ನೆ: ಮಗಳಿಗೆ ಮೊದಲೆರಡು ಇಂಜೆಕ್ಷನ್ ಸುಮ್ನೆ ಆಯ್ತು. ಮೂರನೆಯದಕ್ಕೆ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತು. ಅಲ್ಲೇ ಇದ್ದ ಸಿಸ್ಟರ್ ತಕ್ಷಣ ನೋಡಿಕೊಂಡರು. ಈಗ ಬೇರೆ ತರಹದ್ದು ತರಿಸಬೇಕು, ರೇಟು ಜಾಸ್ತಿ ಅನ್ನುತ್ತಾರೆ. ಉಳಿದ ಕೀಮೋ ಚೆನ್ನಾಗಿ ನಡೀತಿದೆ ಅಲ್ವಾ, ಇದೊಂದನ್ನು ಬಿಟ್ಟರೆ ಆಗಲ್ವಾ? (ಮೈಸೂರು)

ಉತ್ತರ: ಬಿಡಬೇಡಿ, ಕೊನೆಪಕ್ಷ ಸುಲಭವಾಗಿ ಬಿಡಬೇಡಿ. ಯಾಕೆ ಅಂತ ಹೇಳುತ್ತೇನೆ.

ಇದು ಬ್ಯಾಕ್ಟೀರಿಯಾದ ಪ್ರೋಟೀನ್. ನಮ್ಮ ಮೈಗೆ ಪರಕೀಯ. ಮೊದಲ ಸಲ ದೇಹ ಗುರುತು ಹಿಡಿಯುತ್ತೆ, ಮುಂದಿನ ಸಲಗಳಲ್ಲಿ ಜಗಳಕ್ಕೆ ಬರುತ್ತೆ. ಅದಕ್ಕೇ ಅಲರ್ಜಿ ಮೊದಲ ಡೋಸಿಗಿಂತ ಆಮೇಲಿನ ಡೋಸುಗಳಲ್ಲಿ, ಅದರಲ್ಲೂ ನಡುವೆ ಬಿಡುವು ಕೊಟ್ಟು ಮತ್ತೆ ಶುರುಮಾಡಿದಾಗ, ಜಾಸ್ತಿ. ಇಂಜೆಕ್ಷನ್ ಆದ ಮೇಲೆ ಒಂದು ಗಂಟೆ ಅಲ್ಲೇ ಕೂರಿಸುವುದು, ಅಡ್ರಿನಲಿನ್ ಕೈಗೆ ಸಿಗುವಂತೆ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ. ಬಸ್ಸಿಗೆ ಲೇಟಾಯಿತು ಅಂತ ಬೇಗ ಎದ್ದು ಹೋಗುವವರಿದ್ದಾರೆ. ಆ ಒಂದು ಗಂಟೆ ಚೌಕಾಸಿ ಮಾಡುವಂಥದ್ದಲ್ಲ.

ಆದರೆ ಕಣ್ಣಿಗೆ ಕಾಣುವ ಅಲರ್ಜಿಗಿಂತ ಕಾಣದೇ ಇರುವುದು ನನಗೆ ಹೆಚ್ಚು ಚಿಂತೆಯ ವಿಷಯ. ಕೆಲವರಲ್ಲಿ ದದ್ದು ಇಲ್ಲ, ಉಸಿರಾಟ ಸರಿ, ಮಗು ಆಡಿಕೊಂಡಿದೆ. ಒಳಗೆ ಮಾತ್ರ ಪ್ರತಿಕಾಯಗಳು ಕಿಣ್ವವನ್ನು ಹಿಡಿದು ಕೆಲಸಕ್ಕೆ ಬಾರದಂತೆ ಮಾಡಿರುತ್ತವೆ. ಇಂಜೆಕ್ಷನ್ ಹೋಗುತ್ತಿದೆ, ಲೆಕ್ಕದಲ್ಲಿ ಡೋಸ್ ಬೀಳುತ್ತಿದೆ, ಆಸ್ಪರಾಜಿನ್ ಇಳಿಯುತ್ತಿಲ್ಲ. ಅಲರ್ಜಿ ಬರದಿರಲಿ ಅಂತ ಮೊದಲೇ ಸ್ಟೀರಾಯ್ಡ್, ಅವಿಲ್‌ನಂಥ ಇಂಜೆಕ್ಷನ್ ಕೊಟ್ಟಾಗ ಲಕ್ಷಣ ಮುಚ್ಚಿಹೋಗಿ ಇದು ಗೊತ್ತೇ ಆಗದಿರಬಹುದು. ಕಂಡುಹಿಡಿಯುವ ದಾರಿ ಒಂದೇ, ರಕ್ತ ತೆಗೆದು ಕಿಣ್ವದ ಚಟುವಟಿಕೆ ಅಳೆಯುವುದು. ಮಿಲಿಲೀಟರಿಗೆ 0.1 ಯೂನಿಟ್ ಅಥವಾ ಅದಕ್ಕಿಂತ ಮೇಲಿದ್ದರೆ ಸರಿ ಅಂತ ಲೆಕ್ಕ. ಈ ಪರೀಕ್ಷೆ ಎಲ್ಲ ಕಡೆ ಇಲ್ಲ. ನಿಮ್ಮ ಆಸ್ಪತ್ರೆಯಿಂದ ಮಾಡಿಸಲು ಆಗುತ್ತಾ ಅಂತ ಕೇಳಿ, ಕೇಳುವುದರಲ್ಲಿ ತಪ್ಪೇನಿಲ್ಲ.

ಬದಲಿ ಔಷಧಿ ಎರಡು ತರಹ. ಒಂದು, ಅದೇ ಇ. ಕೊಲೈ ಕಿಣ್ವಕ್ಕೆ ಪೆಗ್ ಅನ್ನುವ ರಾಸಾಯನಿಕದ ಹೊದಿಕೆ ಹಾಕಿದ್ದು, ಪೆಗಾಸ್ಪರ್‌ಗೇಸ್. ಸಾದಾ ಕಿಣ್ವ ರಕ್ತದಲ್ಲಿ ಸುಮಾರು ಒಂದೂಕಾಲು ದಿನಕ್ಕೆ ಅರ್ಧ ಆಗುತ್ತೆ, ಹೊದಿಕೆಯದ್ದು ಐದಾರು ದಿನಕ್ಕೆ. ಹಾಗಾಗಿ ದಿನ ಬಿಟ್ಟು ದಿನ ಚುಚ್ಚುವ ಬದಲು ವಾರಗಟ್ಟಲೆ ಅಂತರದಲ್ಲಿ ಒಂದೊಂದು ಸಾಕು. ಒಂದು ವಯಲಿನ ಬೆಲೆ ನೋಡಿ ಎದೆ ಧಸಕ್ ಅನ್ನುತ್ತೆ, ನಿಜ. ಆದರೆ ಎಷ್ಟು ಚುಚ್ಚು, ಎಷ್ಟು ಓಡಾಟ, ಎಷ್ಟು ದಿನದ ಕೂಲಿ ಉಳಿಯಿತು ಅನ್ನುವುದನ್ನೂ ಸೇರಿಸಿ ಲೆಕ್ಕ ಹಾಕಿ. ಸಾದಾ ಕಿಣ್ವಕ್ಕೆ ಜೋರಾಗಿ ಅಲರ್ಜಿ ಆದವರಲ್ಲಿ ಕೆಲವರಿಗೆ ಹೊದಿಕೆಯದ್ದಕ್ಕೂ ಆಗುತ್ತೆ, ಒಳಗಿನ ಪ್ರೋಟೀನ್ ಅದೇ ಅಲ್ಲವೇ. ಎರಡನೆಯದು ಎರ್ವಿನಿಯಾ ಅನ್ನುವ ಬೇರೆ ಬ್ಯಾಕ್ಟೀರಿಯಾದ್ದು. ಗಿಡಗಳನ್ನು ಕೊಳೆಸುವ ಜಾತಿ, ಅದರಿಂದಲೂ ಔಷಧಿ! ಇದು ಇ. ಕೊಲೈ ಕಿಣ್ವಕ್ಕಿಂತ ಬೇರೆಯಾಗಿರುವುದರಿಂದ ಹಳೆಯ ಪ್ರತಿಕಾಯ ಇದನ್ನು ಗುರುತಿಸುವುದಿಲ್ಲ. ಆದರೆ ಒಂದು ದಿನಕ್ಕಿಂತ ಕಡಿಮೆ ಹೊತ್ತಿನಲ್ಲಿ ಅರ್ಧ ಖಾಲಿಯಾಗುತ್ತೆ, ಹಾಗಾಗಿ ಪದೇ ಪದೇ ಚುಚ್ಚಬೇಕು. ಪ್ರಪಂಚದ ಎಷ್ಟೋ ಕಡೆ ಇದರ ಕೊರತೆ ಆಗಾಗ ಕಾಡಿದೆ.

ಇಷ್ಟೆಲ್ಲ ಯಾಕೆ ಒದ್ದಾಡಬೇಕು ಅಂದರೆ, ಬಾಸ್ಟನ್‌ನ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯವರು 2001ರಲ್ಲಿ ಒಂದು ಫಲಿತಾಂಶ ಪ್ರಕಟಿಸಿದರು. ಅವರ ಕ್ರಮದಲ್ಲಿ 30 ವಾರ ಈ ಔಷಧಿ ಇತ್ತು. 26 ವಾರಕ್ಕಿಂತ ಕಡಿಮೆ ಪಡೆದವರಲ್ಲಿ ಐದು ವರ್ಷದ ನಂತರ ಕಾಯಿಲೆ ಮರುಕಳಿಸದೆ ಇದ್ದವರು 73 ಶೇಕಡ, 26 ವಾರ ಅಥವಾ ಹೆಚ್ಚು ಪಡೆದವರಲ್ಲಿ 90 ಶೇಕಡ. ನಿಮ್ಮ ಮಗಳ ಕ್ರಮ ಅದೇ ಆಗಿರಬೇಕೆಂದಿಲ್ಲ, ಕಡಿಮೆ ಡೋಸುಗಳ ಕ್ರಮಗಳೂ ಇವೆ. ಆದರೂ ಹೇಳಿದಷ್ಟು ಡೋಸ್ ಒಳಗೆ ಹೋಗಬೇಕು, ಹೋದದ್ದು ಕೆಲಸ ಮಾಡಬೇಕು ಅನ್ನುವುದು ಎಲ್ಲಕ್ಕೂ ಒಂದೇ. ಹಣದ ವಿಷಯಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಹಿಡಿದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ನೋಡಿ. ಮಕ್ಕಳ ಕ್ಯಾನ್ಸರ್ ವಾರ್ಡಿಗೆ ನೆರವಾಗುವ ಸಂಸ್ಥೆಗಳ ಪಟ್ಟಿ ಸಾಮಾನ್ಯವಾಗಿ ಅವರ ಹತ್ತಿರವೇ ಇರುತ್ತೆ.

ಪ್ರಶ್ನೆ: ಔಷಧಿ ಹೊರಗಿನಿಂದ ತರಲು ಹೇಳಿದ್ದಾರೆ. ಅಂಗಡಿಯಿಂದ ಅಂಗಡಿಗೆ ಬೆಲೆ ಅರ್ಧಕ್ಕರ್ಧ ವ್ಯತ್ಯಾಸ. ಕಡಿಮೆಯದ್ದು ತಂದರೆ ನಡೆಯುತ್ತಾ? (ದಾವಣಗೆರೆ)

ಉತ್ತರ: ಬೇರೆ ಎಷ್ಟೋ ಔಷಧಿಗೆ ಜೆನೆರಿಕ್ ತನ್ನಿ ಅಂತ ನಾನೇ ಹೇಳುವವಳು. ಇಲ್ಲಿ ಸ್ವಲ್ಪ ತಡೆಯಿರಿ. ಪ್ಯಾರಾಸಿಟಮಾಲ್‌ನಂಥ ಸಣ್ಣ ಅಣುವಿನ ಹಾಗಲ್ಲ ಇದು, ಜೀವಿಯಿಂದ ತೆಗೆದು ಶುದ್ಧ ಮಾಡಿದ ದೊಡ್ಡ ಪ್ರೋಟೀನ್, ಮಾಡುವವರ ಕೈಗುಣದ ಮೇಲೆ ಗುಣಮಟ್ಟ ಏರುಪೇರಾಗುತ್ತೆ. 2017ರಲ್ಲಿ ಬ್ರೆಜಿಲ್ ಸರ್ಕಾರ ಅಗ್ಗದ ಆಸ್ಪರಾಜಿನೇಸ್ ತರಿಸಿದಾಗ ಅಲ್ಲಿನ ಮಕ್ಕಳ ಕ್ಯಾನ್ಸರ್ ವೈದ್ಯರು ಪರೀಕ್ಷೆ ಮಾಡಿಸಿ, ಕಲ್ಮಶದ ಪ್ರೋಟೀನ್ ಇದೆ ಅಂತ ದೊಡ್ಡ ಗಲಾಟೆ ಎಬ್ಬಿಸಿದ್ದರು. ನಮ್ಮ ದೇಶದಲ್ಲಿ ಸಿಗುವ ಕೆಲವು ಜೆನೆರಿಕ್‌ಗಳ ಗುಣಮಟ್ಟವೂ ತೃಪ್ತಿಕರವಲ್ಲ ಅಂತ 2021ರಲ್ಲಿ ಒಂದು ಅಧ್ಯಯನ ಬಂದಿದೆ. ಇದರರ್ಥ ದುಬಾರಿಯದ್ದೆಲ್ಲ ಒಳ್ಳೆಯದು ಅಂತಲ್ಲ. ಬ್ರ್ಯಾಂಡ್ ಆಯ್ಕೆ ಬೆಲೆಪಟ್ಟಿಗೆ ಬಿಡಬೇಡಿ, ನಿಮ್ಮ ಡಾಕ್ಟರಿಗೆ ಬಿಡಿ. ಯಾವ ಕಂಪನಿಯದ್ದು ಬಳಸಿ ಅವರಿಗೆ ಅನುಭವ ಇದೆ ಅಂತ ಚೀಟಿಯ ಮೇಲೆ ಬರೆಸಿಕೊಳ್ಳಿ.

ಇನ್ನು ತರುವ ವಿಧಾನ. 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಬಾರದು. ಫ್ರಿಜ್ಜಿನಿಂದ ತೆಗೆದು ಕೊಟ್ಟರಾ, ಕೌಂಟರ್ ಮೇಲಿನ ಡಬ್ಬದಿಂದ ಕೊಟ್ಟರಾ ಅಂತ ಕಣ್ಣಾರೆ ನೋಡಿ. ಐಸ್ ಪ್ಯಾಕ್ ಹಾಕಿದ ಡಬ್ಬಿಯಲ್ಲಿ, ವಯಲ್ ನೇರವಾಗಿ ಐಸಿಗೆ ತಾಗದ ಹಾಗೆ ಬಟ್ಟೆ ಸುತ್ತಿ ತನ್ನಿ. ಪುಡಿಗೆ ನೀರು ಸೇರಿಸುವಾಗ ಸಿಸ್ಟರ್ ಅದನ್ನು ಜೋರಾಗಿ ಕುಲುಕದೆ ಅಂಗೈಯಲ್ಲಿ ಮೆಲ್ಲಗೆ ತಿರುಗಿಸುವುದನ್ನು ನೋಡಿರಬಹುದು. ನೊರೆ ಎದ್ದರೆ ಪ್ರೋಟೀನ್ ಕೆಡುತ್ತೆ.

ಪ್ರಶ್ನೆ: ತಮ್ಮನಿಗೆ 34 ವರ್ಷ. ಈ ಇಂಜೆಕ್ಷನ್ ಆಗಿ ಕೆಲವು ದಿನಕ್ಕೆ ಹೊಟ್ಟೆನೋವು, ವಾಂತಿ. ಗ್ಯಾಸ್ ಅಂತ ಸೋಡಾ ಕುಡಿಸಿದೆವು. ಆಮೇಲೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊದಿದೆ ಅಂತ ಐಸಿಯುಗೆ ಹಾಕಿದರು. ಈಗ ಹುಷಾರಾಗಿದ್ದಾನೆ. ಆದರೆ ಇನ್ನು ಈ ಔಷಧಿ ಜನ್ಮದಲ್ಲಿ ಕೊಡಲ್ಲ ಅನ್ನುತ್ತಾರೆ. ಹಿಂದಿನ ಸಂಚಿಕೆಯಲ್ಲಿ ನೀವು ಮುಖ್ಯ ಔಷಧಿ ಅಂದಿರಿ. ಈಗೇನು ಗತಿ? (ಶಿವಮೊಗ್ಗ)

ಉತ್ತರ: ನಿಮ್ಮ ಡಾಕ್ಟರ್ ಮಾಡಿದ್ದು ಸರಿ. ಮೈಸೂರಿನವರಿಗೆ ಬಿಡಬೇಡಿ ಅಂದವಳು ಇಲ್ಲಿ ಬಿಡಿ ಅನ್ನುತ್ತೇನೆ, ಗೊಂದಲ ಬೇಡ. ಅಲರ್ಜಿಯಾದರೆ ಬೇರೆ ಬ್ಯಾಕ್ಟೀರಿಯಾದ ಕಿಣ್ವಕ್ಕೆ ಹೋಗಬಹುದು. ಪ್ಯಾಂಕ್ರಿಯಾಸ್ ಜೋರಾಗಿ ಊದಿದ್ದರೆ ಯಾವ ಬ್ಯಾಕ್ಟೀರಿಯಾದ ಕಿಣ್ವ ಕೊಟ್ಟರೂ ಮತ್ತೆ ಅದೇ ಅಪಾಯ. ಸಣ್ಣದಾಗಿ ಬಂದು ಬೇಗ ಇಳಿದಿದ್ದರೆ ಮತ್ತೆ ಕೊಡುವ ಯೋಚನೆ ಮಾಡುತ್ತಾರೆ, ಐಸಿಯುವರೆಗೆ ಹೋದವರಿಗೆ ಮಾಡುವುದಿಲ್ಲ. ಉಳಿದ ಔಷಧಿಗಳಿಂದ ಚಿಕಿತ್ಸೆಯನ್ನು ಮತ್ತೆ ಹೊಂದಿಸುತ್ತಾರೆ, ದಾರಿ ಮುಚ್ಚಿಲ್ಲ. ತಮ್ಮನಿಗೆ ಮದ್ಯ ಪೂರ್ತಿ ಬೇಡ, ಕರಿದದ್ದು ಸದ್ಯಕ್ಕೆ ಬೇಡ.

ಸೋಡಾ ವಿಷಯ ಉಳಿದವರೂ ಗಮನಿಸಲಿ. ಈ ಔಷಧಿ ನಡೆಯುತ್ತಿರುವವರಿಗೆ ಮೇಲುಹೊಟ್ಟೆಯಲ್ಲಿ ನೋವು ಬಂದು ಬೆನ್ನಿಗೆ ಹರಿದು ವಾಂತಿ ಬಿಡದಿದ್ದರೆ ಅದು ಗ್ಯಾಸ್ ಅಂತ ಮನೆಯಲ್ಲಿ ತೀರ್ಮಾನ ಮಾಡುವ ಹಾಗಿಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಿ ಅಮೈಲೇಸ್, ಲೈಪೇಸ್ ಪರೀಕ್ಷೆ ಆಗಬೇಕು. ಬಿಡದ ತಲೆನೋವು, ಫಿಟ್ಸ್, ಒಂದು ಕೈ ಅಥವಾ ಕಾಲು ಸೋಲುವುದು, ಲೈನ್ ಹಾಕಿದ ಕೈ ಊದುವುದು, ಇವು ರಕ್ತ ಹೆಪ್ಪುಗಟ್ಟಿದ ಸೂಚನೆ ಇರಬಹುದು. ಲಿವರ್ ಮಾಡುವ ಪ್ರೋಟೀನ್‌ಗಳು ಇಳಿದಾಗ ರಕ್ತ ಹೆಪ್ಪುಗಟ್ಟಿಸುವ ಅಂಶವೂ ಇಳಿಯುತ್ತೆ, ಹೆಪ್ಪುಗಟ್ಟದಂತೆ ತಡೆಯುವ ಅಂಶವೂ ಇಳಿಯುತ್ತೆ, ಹಾಗಾಗಿ ಎರಡೂ ಕಡೆಯ ತೊಂದರೆ ಬರಬಹುದು. ಕಣ್ಣು ಹಳದಿಯಾದರೆ, ಮಾತು ತೊದಲಿ ಮಂಕಾದರೆ ಕಾಯಬೇಡಿ. ದೊಡ್ಡವರಲ್ಲಿ, ಅದರಲ್ಲೂ ಮೈ ತೂಕ ಜಾಸ್ತಿ ಇರುವವರಲ್ಲಿ, ಲಿವರ್ ತೊಂದರೆ ಮಕ್ಕಳಿಗಿಂತ ಹೆಚ್ಚು.

ಪ್ರಶ್ನೆ: ಅಜ್ಜಿಗೆ ಸಿಎಂಎಲ್ ಅನ್ನುವ ರಕ್ತ ಕ್ಯಾನ್ಸರ್. ದಿನಾ ಮಾತ್ರೆ ಕೊಡ್ತಾರೆ. ಅವರಿಗೂ ಈ ಉಪವಾಸದ ಇಂಜೆಕ್ಷನ್ ಕೊಡಿಸಬಹುದಾ? (ತುಮಕೂರು)

ಉತ್ತರ: ಬೇಡ. ಹೆಸರು ರಕ್ತ ಕ್ಯಾನ್ಸರ್ ಆದರೂ ಜಾತಿ ಬೇರೆ. ಅಜ್ಜಿಯ ಕಾಯಿಲೆಗೆ ಇಮ್ಯಾಟಿನಿಬ್‌ನಂಥ ಮಾತ್ರೆಯೇ ಮದ್ದು, ತಪ್ಪದೆ ನುಂಗಿಸಿ. ಆಸ್ಪರಾಜಿನೇಸ್ ಬಳಸುವುದು ಎಎಲ್‌ಎಲ್, ಅದರ ಒಡಹುಟ್ಟಿದ ಲಿಂಫೋಬ್ಲಾಸ್ಟಿಕ್ ಲಿಂಫೋಮಾ, ಮೂಗಿನ ಸುತ್ತ ಬರುವ ಎನ್‌ಕೆ-ಟಿ ಲಿಂಫೋಮಾ, ಇಷ್ಟಕ್ಕೇ ಹೆಚ್ಚಾಗಿ.

ಪ್ರಶ್ನೆ: ಒಂದೇ ಅಮೈನೋ ಆಮ್ಲವೇ? ಬೇರೆಯದನ್ನೂ ಹೀಗೆ ತಡೆದು ಬೇರೆ ಕ್ಯಾನ್ಸರ್ ಗುಣ ಮಾಡಲಾಗದೇ? ಮತ್ತೆ ಕ್ಯಾನ್ಸರ್ ಕಣ ಇದಕ್ಕೆ ಒಗ್ಗಿಕೊಳ್ಳುವುದಿಲ್ಲವೇ? (ಬೆಂಗಳೂರು)

ಉತ್ತರ: ಒಗ್ಗಿಕೊಳ್ಳುತ್ತೆ. ಕೆಲವು ಕಣಗಳು ಮಲಗಿದ್ದ ಸಿಂಥೆಟೇಸ್ ಜೀನನ್ನು ಎಬ್ಬಿಸಿ ತಾವೇ ಆಸ್ಪರಾಜಿನ್ ಮಾಡಲು ಶುರುಮಾಡುತ್ತವೆ. ಮಜ್ಜೆಯಲ್ಲಿರುವ ಅಕ್ಕಪಕ್ಕದ ಒಳ್ಳೆಯ ಕಣಗಳೇ ಅವಕ್ಕೆ ಆಸ್ಪರಾಜಿನ್ ಒದಗಿಸುತ್ತವೆ ಅಂತಲೂ ಪ್ರಯೋಗಗಳಲ್ಲಿ ಕಂಡಿದೆ. ಅದಕ್ಕೇ ಇದನ್ನು ಒಂಟಿಯಾಗಿ ಕೊಡುವುದಿಲ್ಲ. ವಿನ್‌ಕ್ರಿಸ್ಟಿನ್, ಸ್ಟೀರಾಯ್ಡ್ ಇತ್ಯಾದಿ ಜೊತೆಗೇ ಕೊಡುತ್ತಾರೆ. ಬೇರೆ ಅಮೈನೋ ಆಮ್ಲಗಳಲ್ಲಿ ಆರ್ಜಿನಿನ್ ಮುಂದಿದೆ. ಕಲ್ನಾರಿನ ಧೂಳಿನಿಂದ ಬರುವ ಮೆಸೊಥೆಲಿಯೋಮಾಕ್ಕೆ ಆರ್ಜಿನಿನ್ ಒಡೆಯುವ ಕಿಣ್ವವನ್ನು ಕೀಮೋ ಜೊತೆ ಕೊಟ್ಟಾಗ ಬದುಕಿನ ಮಧ್ಯಮ ಅವಧಿ 7.7 ತಿಂಗಳಿಂದ 9.3 ತಿಂಗಳಿಗೆ ಏರಿತು. ದೊಡ್ಡ ಜಿಗಿತ ಅಲ್ಲ. ಮೆಥಿಯೊನಿನ್ ಇನ್ನೂ ಸಂಶೋಧನೆಯಲ್ಲೇ ಇದೆ.

ಪ್ರಶ್ನೆ: ಆಸ್ಪರಾಗಸ್ ಬೇಯಿಸಿ ರುಬ್ಬಿ ದಿನಾ ನಾಲ್ಕು ಚಮಚ ಕುಡಿದರೆ ಕ್ಯಾನ್ಸರ್ ಹೋಗುತ್ತೆ ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ನಮ್ಮ ಶತಾವರಿಯೂ ಅದೇ ಜಾತಿಯಂತೆ. ಕೊಡಬಹುದಾ? (ಶಿರಸಿ)

ಉತ್ತರ: 1806ರಲ್ಲಿ ಫ್ರಾನ್ಸಿನಲ್ಲಿ ಆಸ್ಪರಾಗಸ್ ರಸದಿಂದ ಬೇರ್ಪಡಿಸಿದ್ದು ಆಸ್ಪರಾಜಿನನ್ನು, ಅಂದರೆ ಕ್ಯಾನ್ಸರ್ ಕಣ ಬಯಸುವ ವಸ್ತುವನ್ನು. ಅದನ್ನು ಒಡೆಯುವ ಔಷಧಿ ಬೇರೆ. ತರಕಾರಿಯಾಗಿ ತಿಂದರೆ ತೊಂದರೆ ಇಲ್ಲ, ಮದ್ದು ಅಂತ ನಂಬಬೇಡಿ. ಶತಾವರಿ ಲೇಹ್ಯ, ಚೂರ್ಣ ಯಾವುದನ್ನೂ ಕೀಮೋ ನಡೆಯುವಾಗ ಡಾಕ್ಟರನ್ನು ಕೇಳದೆ ಕೊಡಬೇಡಿ. ಲಿವರ್ ಆಗಲೇ ಏಟು ತಿಂದಿರುತ್ತೆ, ಆಮೇಲೆ ಯಾವುದರಿಂದ ಏನಾಯಿತು ಅಂತ ಬಿಡಿಸುವುದೇ ಕಷ್ಟ.

ಪ್ರಶ್ನೆ: ಬಯೋಟೆಕ್ನಾಲಜಿ ಓದುವ ಮಗ, ಇದೇ ಕಿಣ್ವವನ್ನು ಚಿಪ್ಸ್, ಬಿಸ್ಕತ್ ಫ್ಯಾಕ್ಟರಿಯಲ್ಲೂ ಹಾಕುತ್ತಾರೆ ಅನ್ನುತ್ತಾನೆ. ಕೀಮೋ ಔಷಧಿ ತಿಂಡಿಯಲ್ಲಾ? ನಂಬಬೇಕಾ? (ಮಂಗಳೂರು)

ಉತ್ತರ: ಮಗ ಹೇಳಿದ್ದು ನಿಜ. ಆಲೂಗಡ್ಡೆ, ಗೋಧಿಯಲ್ಲಿರುವ ಆಸ್ಪರಾಜಿನ್ ಸಕ್ಕರೆ ಅಂಶದ ಜೊತೆ ಜೋರು ಉರಿಯಲ್ಲಿ ಸೇರಿದರೆ ಅಕ್ರಿಲಮೈಡ್ ಅನ್ನುವ ಕೆಟ್ಟ ವಸ್ತು ಆಗುತ್ತೆ. ಕರಿದ, ಬೇಕ್ ಮಾಡಿದ ತಿಂಡಿಗಳಲ್ಲಿ ಅದು ಇದೆ ಅಂತ 2002ರಲ್ಲಿ ಸ್ವೀಡನ್ನಿನವರು ಹೇಳಿದ ಮೇಲೆ ತಿಂಡಿ ಕಂಪನಿಗಳು ಕರಿಯುವ ಮೊದಲೇ ಆಸ್ಪರಾಜಿನನ್ನು ಒಡೆಯಲು ಈ ಕಿಣ್ವ ಬಳಸಲು ಶುರುಮಾಡಿದವು. ಅಲ್ಲಿ ಬಳಸುವುದು ಆಸ್ಪರ್ಜಿಲಸ್ ಅನ್ನುವ ಬೂಷ್ಟಿನಿಂದ ತೆಗೆದದ್ದು, ಆಸ್ಪತ್ರೆಯದ್ದು ಬೇರೆ. ಕರಿಯುವ ಬಿಸಿಗೆ ಅದು ಕೆಟ್ಟುಹೋಗುತ್ತೆ. ಹಾಗೆ ಕೆಡದೆ ಉಳಿದರೂ ಹೊಟ್ಟೆಗೆ ಹೋದ ಮೇಲೆ ಬೇಳೆಯ ಪ್ರೋಟೀನಿನ ಹಾಗೇ ಜೀರ್ಣವಾಗುತ್ತೆ, ರಕ್ತ ಸೇರುವುದಿಲ್ಲ. ಈ ಔಷಧಿಯ ಮಾತ್ರೆ ಯಾಕಿಲ್ಲ, ಮಕ್ಕಳಿಗೆ ಅಷ್ಟು ಚುಚ್ಚುವುದು ಯಾಕೆ ಅಂತ ಇನ್ನೂ ಇಬ್ಬರು ಕೇಳಿದ್ದರು, ಅವರಿಗೂ ಇದೇ ಉತ್ತರ.